ತಗಡಿನ ಮೇಲೆ ಬರೆದ ರೈಟರು

ಮೊನ್ನೆ ನನ್ನ ಮೊಮ್ಮಗಳು ಚಿಕ್ಕಮಗಳೂರಿನಲ್ಲಿ ಒಬ್ಬ ಹುಡುಗಿಯ ಮೂಗಿಗೆ ಗುದ್ದಿ, ರಕ್ತ ಬರಿಸಿ, ಮೆಡಲ್ ಗೆದ್ದು ಬಂದಳು! ಬಾಕ್ಸಿಂಗ್ ಅಂತ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಕೂತಿದ್ದೆ ಅನ್ನೋದು ಸುಳ್ಳು, ಗುದ್ದು ಬಿದ್ದಾಗೆಲ್ಲ ಎದ್ದು ಕುಣೀತಿದ್ದೆ. ಪಕ್ಕದಲ್ಲಿದ್ದ ಮೇಷ್ಟ್ರೊಬ್ಬರು, "ಅಜ್ಜಾ, ಸ್ವಲ್ಪ ಕೂತ್ಕೊಳ್ಳಿ, ಬಿ.ಪಿ. ಏರುತ್ತೆ" ಅಂದರು. ಏರಲಿ ಬಿಡಿ ಮಾರಾಯ್ರೆ! ಇಂಥ ದಿನ ಏರದಿದ್ದರೆ ಇನ್ಯಾವಾಗ ಏರಬೇಕು ಅದು? ಆಮೇಲೆ ಸೋತ ಹುಡುಗಿಯನ್ನು ಹುಡುಕಿಕೊಂಡು ಹೋಗಿ ಒಂದು ಎಳನೀರು ಕೊಡಿಸಿದೆ. ಮೂಗಿಗೆ ಹತ್ತಿ ಇಟ್ಟುಕೊಂಡು ಕುಡಿದಳು ಪಾಪ. ಅವಳೂ ಯಾರದೋ ಮೊಮ್ಮಗಳೇ ತಾನೆ.

"ಎಲ್ಲಿ ಕಲಿತಳು ಇದನ್ನ?" ಅಂತ ನೆಂಟರೆಲ್ಲ ಕೇಳ್ತಾರೆ. ಕೈ ಬೀಸೋದನ್ನ ಕೋಚ್ ಕಲಿಸಿದರು, ನಿಜ. ಆದರೆ ಎದುರಿಗೆ ನಿಲ್ಲೋದನ್ನ ಅವಳು ನೋಡಿದ್ದು ದೇವರಮನೆ ಗುಡ್ಡದ ಮೇಲೆ, ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ. ಆ ಗುಡ್ಡಕ್ಕೆ ನಮ್ಮನ್ನು ಕರೆದುಕೊಂಡು ಹೋದವರು ರೈಟರು. ಈ ಮಳೆಗಾಲ ಹಿಡಿಯುವ ಮೊದಲು ತೀರಿಕೊಂಡರು. ಮೆಡಲ್ಲನ್ನು ಅವರ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಬೇಕಿತ್ತು ನಾನು. ಆಗಲಿಲ್ಲವಲ್ಲ, ಅದಕ್ಕೇ ಇದನ್ನು ಬರೆಯೋಕೆ ಕೂತೆ.

ರೈಟರು ಅಂದರೆ ಕತೆ ಕಾದಂಬರಿ ಬರೆಯುವವರಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿಯುವವರಿಗೆ ನಮ್ಮ ಕಡೆ ರೈಟರು ಅಂತಲೇ ಹೆಸರು. ನಾನು ಅದೇ ಎಸ್ಟೇಟಿನಲ್ಲಿ ಮೇಸ್ತ್ರಿ. ಆಳುಗಳನ್ನು ಕರೆತಂದು ನಿಲ್ಲಿಸೋದು ನಾನು, ಚೆಕ್‌ರೋಲ್ ಪುಸ್ತಕ ಹಿಡಿದು ಕಣದ ಕಟ್ಟೆ ಮೇಲೆ ನಿಂತು ಹೆಸರು ಕೂಗೋದು ಅವರು. ಎಂಥ ಗಂಟಲು ಅಂತೀರಿ! ಅವರು ಕೂಗಿದರೆ ಸಿಲ್ವರ್ ಮರದ ಮೇಲಿನ ಹಕ್ಕಿಗಳು ಹಾಜರಿ ಕೊಡದೆ ಓಡಿಹೋಗ್ತಿದ್ದವು.

ಕೋಪವೂ ಹಾಗೇ. ಒಂದು ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷಿನ್ನು ಕೈಕೊಟ್ಟಿತು. ರೈಟರು ಸ್ಪ್ಯಾನರ್ ಎತ್ತಿ ಅದಕ್ಕೆ ಬಾರಿಸಿದರು, ದನಕ್ಕೆ ಬಾರಿಸಿದ ಹಾಗೆ. ಸ್ಪ್ಯಾನರ್ ಚಿಮ್ಮಿ ಬಂದು ಅವರದೇ ಹಣೆ ಒಡೆಯಿತು. ಕಣ್ಣಿನ ಮೇಲೆ ರಕ್ತ ಇಳೀತಿದೆ, ಈ ಮನುಷ್ಯ ಪುಸ್ತಕ ತೆಗೆದು ಬರೆದರು: "ಮಿಷಿನ್ ಕೆಟ್ಟಿದೆ. ರೈಟರ್ ಸಿಟ್ಟಿನಿಂದ ಹೊಡೆದು ಗಾಯ ಮಾಡಿಕೊಂಡ. ರೈಟರಿಗೆ ಅರ್ಧ ದಿನ ಗೈರು." ತನಗೆ ತಾನೇ ಗೈರು ಹಾಕಿಕೊಂಡರು! ಸಾಹುಕಾರ್ರು ಅದನ್ನು ಓದಿ, "ಇದನ್ನೆಲ್ಲ ಯಾಕೆ ಬರೀತೀರಿ ರೈಟ್ರೇ?" ಅಂದರು.

"ಆದದ್ದು ಬರೆದೆ ಸ್ವಾಮಿ. ಆಗದ್ದು ಬೇಕಾದ್ರೆ ನೀವೇ ಬರ್ಕೊಳ್ಳಿ."

ಸಾಹುಕಾರ್ರಿಗೆ ಹಾಗೆ ಅನ್ನೋರು ನಮ್ಮ ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ.

ಮದುವೆ ಮಾಡಿಕೊಂಡಿರಲಿಲ್ಲ. ಕೆಲಸ ಬಿಟ್ಟ ವರ್ಷ, ಎಸ್ಟೇಟಿನಲ್ಲಿ ಕಾಫಿ ಹಣ್ಣು ಸಾಗಿಸ್ತಿದ್ದ ಹಳೇ ಟ್ರೇಲರ್ ಒಂದನ್ನು ಗುಜರಿಗೆ ಹಾಕೋದಿತ್ತು. ಅದನ್ನು ಕೇಳಿ ತಗೊಂಡು, ಮೇಲೆ ತಗಡಿನ ಗೋಡೆ, ತಗಡಿನ ಮಾಡು ಕಟ್ಟಿ, ಹಸಿರು ಪೇಂಟ್ ಬಳಿದರು. ಒಳಗೆ ಎರಡು ಹಲಗೆ ಮಂಚ, ಸೀಮೆಎಣ್ಣೆ ಸ್ಟೌ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಉಪ್ಪಿನ ಗಂಟು, ಸೌದೆಗೆ ಒಂದು ಕತ್ತಿ. ಎಷ್ಟು ತೊಳೆದರೂ ಹಣ್ಣಿನ ಹುಳಿ ವಾಸನೆ ಹೋಗಲಿಲ್ಲ. ಎಳೆಯೋಕೆ ಒಂದು ಮುದಿ ಜೀಪು. ಏರಿನಲ್ಲಿ ಅದು ಕೆಮ್ಮಿದರೆ ಡ್ಯಾಶ್‌ಬೋರ್ಡಿಗೆ ಗುದ್ದಿ, "ಸಾಯ್ಬೇಡ, ಸಾಯ್ಬೇಡ, ಮೇಲೆ ಹೋಗಿ ಸಾಯಿ!" ಅಂತ ಬೈಯೋರು.

"ಏಳು ಮೇಸ್ತ್ರಿ, ಹೊರಡೋಣ. ಇಷ್ಟು ವರ್ಷ ಬೇರೆಯವರ ಗುಡ್ಡದ ಮೇಲೆ ನಿಂತು ಕೂಗಿದ್ದಾಯ್ತಲ್ಲ. ಇನ್ನು ಗುಡ್ಡದ ಮೇಲೆ ಮಲಗಿ ಬರೋಣ."

ನನ್ನ ಹೆಂಡತಿ ಅಂಗಳದಲ್ಲಿ ನಿಂತು ನೋಡಿದಳು. "ಇಬ್ರು ಮುದುಕರು, ಒಂದು ಡಬ್ಬಿ. ಒಳ್ಳೇದೇ ಆಯ್ತು. ಆನೆ ತುಳಿದ್ರೆ ಡಬ್ಬಿ ಸಮೇತ ಹೂತುಬಿಡಬಹುದು" ಅಂದಳು.

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಕಳಸ, ಕುದುರೆಮುಖ, ಚಾರ್ಮಾಡಿ ಕಡೆ, ಎಲ್ಲಿ ಹುಲ್ಲು ಚಪ್ಪಟೆ ಇದೆಯೋ ಅಲ್ಲಿ ಠಿಕಾಣಿ. ಮತ್ತು ಹೋದ ಕಡೆಯದೆಲ್ಲ ಬರೆಯೋದು. ಕಾಗದಕ್ಕೆ ನಮ್ಮ ಮಳೆಯಲ್ಲಿ ಬೂಷ್ಟು ಹಿಡಿಯುತ್ತೆ ಅಂತ ರೈಟರು ಟ್ರೇಲರಿನ ಹೊರಗಿನ ತಗಡಿನ ಮೇಲೇ ಬರೀತಿದ್ದರು, ಬಿಳಿ ಪೇಂಟು, ಸಣ್ಣ ಬ್ರಷ್ಷು. ಥೇಟ್ ಚೆಕ್‌ರೋಲ್ ಹಾಗೇ: ಯಾವ ಜಾಗ, ಹವೆ ಹೇಗಿತ್ತು, ಜೊತೆಗೆ ಯಾರು, ಏನಾಯಿತು, ನಾಳೆ ಎಲ್ಲಿಗೆ. ಪೇಟೆಯಲ್ಲಿ ನಿಲ್ಲಿಸಿದರೆ ಜನ ಸುತ್ತ ಬಂದು ಓದೋರು. ಸಿನಿಮಾ ಪೋಸ್ಟರ್ ಓದೋ ಹಾಗೆ.

ಕುದುರೆಮುಖದ್ದು ಹೇಳ್ತೀನಿ. ಗಣಿ ಮುಚ್ಚಿದ ಮೇಲೆ ಬಿಕೋ ಅನ್ನುವ ಕಾಲೊನಿ, ಬೀಗ ಹಾಕಿದ ಮನೆಗಳ ಸಾಲು, ಅದರ ಹಿಂದಿನ ಬಯಲಲ್ಲಿ ಟ್ರೇಲರ್ ನಿಲ್ಲಿಸಿದ್ದೆವು. ಬೆಳಕು ಹರಿಯುವಾಗ ಒಂದು ಕಾಟಿ ಬಂತು. ಕಾಡುಕೋಣ, ಮೈಯೆಲ್ಲ ಕರಿ ಬಂಡೆ. ನೋಡಿತು, ಉಸಿರು ಬಿಟ್ಟಿತು, ತಲೆ ತಗ್ಗಿಸಿ ಬಂದು ಗುದ್ದಿತು ನೋಡಿ, ತಗಡು ಒಳಗೆ ಬಂದು ನನ್ನ ಮಂಚವೇ ಮಗುಚಿಕೊಂಡಿತು! ಕೊಂಬು ಕಿತ್ತುಕೊಂಡು ಇನ್ನೊಮ್ಮೆ ಗುದ್ದಿತು. ಸ್ಟೌ ಹಾರಿತು, ಬಿಸಿ ಗಂಜಿ ನನ್ನ ಕಾಲ ಮೇಲೆ. ನಾನು ಸತ್ತೆ ಅಂತ ಅರಚಿದೆ. ರೈಟರು ಕಿಟಕಿಯಿಂದ ಅದಕ್ಕಿಂತ ಜೋರಾಗಿ ಅರಚಿದರು. ಕಾಟಿಗೆ ಅವರ ಗಂಟಲು ಹಿಡಿಸಲಿಲ್ಲ ಅಂತ ಕಾಣುತ್ತೆ, ಹೊರಟು ಹೋಯಿತು. ಆ ಹರಿದ ತಗಡಿನ ಪಕ್ಕದಲ್ಲೇ ಬರೆದರು: "ಕಾಟಿ ಎರಡು ಸಲ ಗುದ್ದಿತು. ತಪ್ಪು ನಮ್ಮದು. ಅದು ನೀರಿಗೆ ಹೋಗುವ ದಾರಿಯಲ್ಲಿ ನಿಲ್ಲಿಸಿದ್ದೆವು. ಮೇಸ್ತ್ರಿಯ ಕಾಲು ಸುಟ್ಟಿದೆ. ಅಳುತ್ತಿದ್ದಾನೆ."

"ಅಳ್ತಿರೋದು ಯಾಕೆ ಬರೆದ್ರಿ?"

"ನೀನು ನಿಲ್ಸು, ನಿಲ್ಸಿದ ಅಂತಲೂ ಬರೀತೀನಿ."

ಇನ್ನೊಮ್ಮೆ ಕಳಸದ ಹತ್ತಿರ ಹೊಳೆ ದಂಡೆಯಲ್ಲಿ ಮೂವರು ಹುಡುಗರು ಬಿಯರ್ ಬಾಟಲಿ ಬಂಡೆಗೆ ಹೊಡೆದು ಚೂರು ಮಾಡ್ತಿದ್ದರು. ದನ ಇಳಿಯುವ ಜಾಗ ಅದು. ರೈಟರು ಹೋದವರೇ ಮೂವರಿಗೂ ಬಾರಿಸಿದರು. ಒಬ್ಬ ತಿರುಗಿ ಹೊಡೆದ, ಇವರು ಅವನನ್ನು ಎತ್ತಿ ನೀರಿಗೆ ಹಾಕಿದರು. ಮೂವರೂ ಚೂರು ಹೆಕ್ಕಿದ ಮೇಲೇ ಬಿಟ್ಟಿದ್ದು. ನನಗೋ ಖುಷಿಯೋ ಖುಷಿ. ಸಂಜೆ ತಗಡು ನೋಡಿದರೆ: "ಮೂವರಿಗೆ ಹೊಡೆದೆ. ಕೆಂಪಂಗಿಯವನು ಒಡೆದಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅವನಿಗೆ ಹೊಡೆದದ್ದು ತಪ್ಪು." ಅದನ್ನು ಊರೂರು ಎಳೆದುಕೊಂಡು ಹೋದರು. ಎಲ್ಲೋ ಒಂದು ಕಡೆ ಆ ಕೆಂಪಂಗಿಯವನೂ ಓದಿರಬಹುದು, ಯಾರಿಗೆ ಗೊತ್ತು.

ಹೊಡೆಯುವ ಕೈ ಅದು. ಆದರೆ ಒಂದು ಮಾತು. ಕೊನೆಗಾಲದಲ್ಲಿ ಅದೇ ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಿತ್ತು, ಅಕ್ಷರವೆಲ್ಲ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಬೀಳ್ತಿತ್ತು. ಅದು ಮುರಿದದ್ದು ನನ್ನ ಅಳಿಯನಿಂದ.

ಮಗಳನ್ನು ಚಿಕ್ಕಮಗಳೂರಿಗೆ ಕೊಟ್ಟಿದ್ದೆ. ಅಳಿಯನಿಗೆ ನಲ್ಲಿ, ಪೈಪು ಮಾರುವ ಅಂಗಡಿ, ಸ್ವಂತ ಮನೆ, ಹೊಸ ಕಾರು. ಎಲ್ಲ ಇತ್ತು, ಹೊಡೆಯೋಕೆ ಮಾತ್ರ ಕೈ ಮುಂದು. ಒಂದು ಸಂಜೆ ಮಗಳು ಮಗುವನ್ನು ಎತ್ತಿಕೊಂಡು ಬಸ್ಸಿಳಿದು ಬಂದಳು. ಎಡಗಣ್ಣು ಪೂರ್ತಿ ಮುಚ್ಚಿತ್ತು. ತುಟಿ ಸೀಳಿ ರಕ್ತ ಕಪ್ಪಾಗಿತ್ತು. ಮಗು ಅಮ್ಮನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಿತ್ತು, ಬಿಡಿಸೋಕೆ ಹೋದರೆ ನನ್ನ ಕೈಯನ್ನೇ ಕಚ್ಚಿತು.

"ಅಪ್ಪ, ನಾಳೆ ಬರ್ತಾರೆ. ಮಗೂನ ಕಿತ್ಕೊಂಡು ಹೋಗ್ತಾರೆ. ಅವಳು ಅಲ್ಲಿಗೆ ಹೋದ್ರೆ ನಾನೂ ಹಿಂದೆ ಹೋಗ್ಲೇಬೇಕು. ಈ ಸಲ ಹೋದ್ರೆ ನಾನು ಉಳಿಯಲ್ಲ" ಅಂದಳು. ಅಳಲಿಲ್ಲ, ಸಂತೆ ಸಾಮಾನು ಹೇಳಿದ ಹಾಗೆ ಹೇಳಿದಳು.

ರೈಟರು ಆ ಹೊತ್ತಿಗೆ ನಮ್ಮ ಜಗಲಿಯಲ್ಲಿದ್ದರು. ನೋಡಿದರು. ಕೂಗಲಿಲ್ಲ. ಅವರು ಕೂಗದೆ ಇದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಂಗಳಕ್ಕಿಳಿದು ಹಲಸಿನ ಮರಕ್ಕೆ ಒಂದು ಗುದ್ದು ಗುದ್ದಿದರು, ಬೆರಳ ಗೆಣ್ಣಿನ ಚರ್ಮ ಸುಲಿದು ಹೋಯಿತು. "ಮೊದ್ಲು ಅವ್ನು ಇಲ್ಲಿಗೇ ಬರೋದು. ಟ್ರೇಲರ್ ಹತ್ತಿಸು ಇಬ್ರನ್ನೂ" ಅಂದರು. ನನ್ನ ಹೆಂಡತಿ ಒಂದು ಕುಕ್ಕೆ ಅಕ್ಕಿ, ಉಪ್ಪಿನಕಾಯಿ ಒಳಗಿಟ್ಟು, "ನೀವು ಹೋಗಿ. ಬಂದ್ರೆ ನಾನು ಮಾತಾಡ್ತೀನಿ ಅವನ ಹತ್ರ" ಅಂದು ಒಲೆ ಹತ್ತಿರ ಸೌದೆಕೊಳ್ಳಿ ಹಿಡಿದುಕೊಂಡು ಕೂತಳು.

ಮರುದಿನ ಬೆಳಗ್ಗೆ ಬಾಳೂರಿನ ಆಚೆ ಒಂದು ಬಯಲಲ್ಲಿ ಕಣ್ಣು ಬಿಟ್ಟರೆ, ರೈಟರು ಆಗಲೇ ಬರೆದು ಮುಗಿಸಿದ್ದರು. ಎದ್ದು ಹೋಗಿ ಓದಿದೆ: "ಜೋರು ಗಾಳಿ. ಮೇಸ್ತ್ರಿಯ ಮಗಳು ಬಂದಿದ್ದಾಳೆ. ಎಡಗಣ್ಣು ಮುಚ್ಚಿದೆ. ತುಟಿ ಸೀಳಿದೆ. ಗಂಡ ಬೆಲ್ಟಿನಿಂದ ಹೊಡೆದದ್ದು. ಮಗು ಉಂಡಿಲ್ಲ. ನಾಳೆ ದೇವರಮನೆ."

"ರೈಟ್ರೇ, ಎಂತ ಮಾಡಿದ್ರಿ ಇದು! ಮನೆ ಮರ್ಯಾದೆ! ನಾಲ್ಕು ಜನ ಓದೋ ಜಾಗದಲ್ಲಿ!"

"ಓದ್ಲಿ ಅಂತಲೇ ಬರೆದದ್ದು. ಕಾಟಿ ಗುದ್ದಿದ್ದು ಬರೆದೆ, ನನ್ನ ತಪ್ಪು ಬರೆದೆ. ಇದೊಂದನ್ನ ಬಿಟ್ರೆ ಇದು ನಡೆದೇ ಇಲ್ಲ ಅಂತ ಆಗುತ್ತೆ ಮಾರಾಯ."

"ಅಳಿಸಿ ಅಂದ್ರೆ ಅಳಿಸಿ!"

ರೈಟರು ನನ್ನನ್ನು ಪಕ್ಕಕ್ಕೆ ಸರಿಸಿ ನನ್ನ ಮಗಳ ಮುಂದೆ ಹೋಗಿ ನಿಂತರು. "ಕಣ್ಣು ನಿಂದು, ತುಟಿ ನಿಂದು. ನೀನು ಹೇಳು, ಈಗಲೇ ಹಸಿರು ಬಳಿದು ಮುಚ್ತೀನಿ. ಇವ್ನು ಹೇಳಿದ್ರೆ ಇಲ್ಲ."

ಮಗಳು ಸರಿಯಾಗಿದ್ದ ಒಂದೇ ಕಣ್ಣಿನಿಂದ ಓದಿದಳು. ಹತ್ತಿರ ಹೋಗಿ ಇನ್ನೊಮ್ಮೆ ಓದಿದಳು. ನಾನು ಅಳಿಸಿ ಅಂತಾಳೆ ಅಂತಲೇ ಕಾದೆ.

"ಬೆಲ್ಟ್ ಅಲ್ಲ ಮಾಮ. ಪೈಪು. ಅಂಗಡಿ ಪೈಪು" ಅಂದಳು. "ತಿದ್ದಿ."

ರೈಟರು ತಿದ್ದಿದರು.

ಆವತ್ತೆಲ್ಲ ಆ ಬರಹ ಹೊತ್ತುಕೊಂಡು ಕೊಟ್ಟಿಗೆಹಾರ, ಮೂಡಿಗೆರೆ ದಾಟಿದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ಹೋಟೆಲಿನ ಹೆಂಗಸು ಹೊರಗೆ ಬಂದು ಓದಿ, ಏನೂ ಕೇಳದೆ ಮಗುವಿನ ಕೈಗೆ ದೋಸೆ ಸುರುಳಿ ಕೊಟ್ಟಳು. ಮಗು ಸೆರಗು ಬಿಟ್ಟು ತಿಂದಿತು! ನನಗೆ ಆ ಹೋಟೆಲಿನ ಕಂಬ ತಬ್ಬಿಕೊಳ್ಳೋಣ ಅನ್ನಿಸಿತು. ಆದರೆ ಅಲ್ಲೇ ಒಬ್ಬ ಮೊಬೈಲ್ ಎತ್ತಿ ತಗಡಿನ ಫೋಟೊ ಹೊಡೆದ. ಅದು ಯಾವ ಯಾವ ಗ್ರೂಪು ಸುತ್ತಿತೋ, ಸಂಜೆಯೊಳಗೆ ನನ್ನ ಹೆಂಡತಿ ಫೋನ್ ಮಾಡಿದಳು: "ಅಳಿಯ ಬಂದಿದ್ದ. ಫೋಟೊ ತೋರಿಸಿ ಅರಚಾಡಿ ಹೋದ. ನಾಳೆ ದೇವರಮನೆ ಅಂತ ನೀವೇ ಬರೆದಿದ್ದೀರಂತಲ್ಲ!"

ರೈಟರು ಹಣೆಗೆ ಫಟ್ಟಂತ ಹೊಡೆದುಕೊಂಡರು. ನಾಳೆಯ ಕೆಲಸ ಇವತ್ತೇ ಬರೆಯೋದು ಎಸ್ಟೇಟಿನ ಪದ್ಧತಿ. ಬಚ್ಚಿಟ್ಟುಕೊಳ್ಳೋಕೆ ಹೊರಟವರೂ ಅದನ್ನೇ ಬರೆದಿದ್ದೆವು!

"ಬೇರೆ ಕಡೆ ಹೋಗೋಣ ರೈಟ್ರೇ."

"ಬರೆದಾಗಿದೆಯಲ್ಲ. ಹೋಗದಿದ್ರೆ ಸುಳ್ಳು ಬರೆದ ಹಾಗಾಗುತ್ತೆ."

"ನಿಮ್ಮ ತಗಡಿಗೆ ಬೆಂಕಿ ಬೀಳ್ಲಿ!" ಅಂದೆ.

ಮಗಳು ನಡುವೆ ಬಾಯಿ ಹಾಕಿದಳು. "ಹೋಗೋಣ ಅಪ್ಪ. ಎಲ್ಲಿಗೆ ಹೋದ್ರೂ ಬರ್ತಾರೆ. ಬಯಲಲ್ಲೇ ಬರ್ಲಿ."

ದೇವರಮನೆಯಲ್ಲಿ ಬೆಳಗ್ಗೆ ಒಳ್ಳೇ ಬಿಸಿಲಿತ್ತು. ಇಳಿಜಾರಿನ ಮೇಲೆ ಜೀಪಿನಿಂದ ಟ್ರೇಲರ್ ಕಳಚಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದೆವು. ಕೆಳಗೆ ರಸ್ತೆ. ಕಾರು ಬಂದು ಅಲ್ಲಿ ನಿಂತಿತು. ಅಳಿಯ ಇಳಿದ. ಒಂದು ಕೈಯಲ್ಲಿ ಪೇಂಟ್ ಕೆರೆಯುವ ತಗಡು, ಇನ್ನೊಂದರಲ್ಲಿ ಜಾಕಿನ ರಾಡು. ಹೆಂಡತಿಯ ಮುಖ ನೋಡಲಿಲ್ಲ, ಮಗುವಿನ ಮುಖ ನೋಡಲಿಲ್ಲ. ನೇರ ಟ್ರೇಲರ್ ಹತ್ತಿರ ಬಂದ.

"ಮಾವ, ಮೊದ್ಲು ಇದನ್ನ ಅಳಿಸ್ಬೇಕು. ಅಂಗಡಿಗೆ ಬಂದೋರು ಪೈಪ್ ಮುಟ್ಟಿ ನಗ್ತಾರೆ! ಆಮೇಲೆ ಅವ್ಳನ್ನ ಕರ್ಕೊಂಡು ಹೋಗ್ತೀನಿ." ಅಂದವನೇ ಕರಕರ ಕೆರೆಯತೊಡಗಿದ.

ರೈಟರು ಒಂದು ಕೊಟ್ಟರು ನೋಡಿ, ಕೆನ್ನೆಗೆ, ಅಳಿಯನ ಕನ್ನಡಕ ಹುಲ್ಲಿನೊಳಗೆ ಹಾರಿ ಹೋಯಿತು. ಅವನು ತೂರಾಡಿ, ರಾಡು ಬೀಸಿದ. ರೈಟರು ಕೈ ಅಡ್ಡ ಕೊಟ್ಟರು. ಒಣ ಸೌದೆ ಮುರಿದ ಸದ್ದು. ಮೊಣಕಾಲಿಗೆ ಕುಸಿದರು, ಆದರೂ ಎಡಗೈಯಲ್ಲಿ ಅವನ ಅಂಗಿ ಬಿಡಲಿಲ್ಲ. ಅವನು ಒದ್ದ, ಎದೆಗೆ, ಮತ್ತೆ ಎದೆಗೆ. ನಾನು ಹಿಂದಿನಿಂದ ಅವನ ಬೆನ್ನೇರಿ ಕಿವಿ ಕಚ್ಚಿದೆ. ಹೌದು, ಕಚ್ಚಿದೆ, ಬಾಯಲ್ಲಿ ಉಪ್ಪುಪ್ಪು ರಕ್ತ! ಅವನು ನನ್ನನ್ನು ಕೊಡವಿ ಎಸೆದ, ಪಕ್ಕೆ ಕಲ್ಲಿಗೆ ಬಡಿದು ಉಸಿರು ಕಟ್ಟಿತು. ಅಷ್ಟರಲ್ಲಿ ಎಲ್ಲಿಂದಲೋ ಮಂಜು ಏರಿ ಬರ್ತಿತ್ತು.

ಮಗು ಹುಲ್ಲಿನಲ್ಲಿ ನಿಂತಿತ್ತು. ಅಳಿಯ ಅದರ ರಟ್ಟೆ ಹಿಡಿದು ಎಳೆದ. "ಇವ್ಳು ನನ್ನ ಮಗು. ನೀನು ಬೇಕಾದ್ರೆ ಈ ಡಬ್ಬೀಲೇ ಕೊಳೆ. ಬರ್ತೀಯ, ನೋಡ್ತಿರು, ನಾಯಿ ಹಾಗೆ ಹಿಂದೆ ಬರ್ತೀಯ!"

ಮಗಳು ಬರಲಿಲ್ಲ. ಟ್ರೇಲರಿನ ಚಕ್ರದ ಹತ್ತಿರ ಹೋದಳು. ಕೆಳಗೆ ಕಾರು ನೋಡಿದಳು. ಗಂಡ, ಮಗು ಇಬ್ಬರೂ ಇನ್ನೂ ಮೇಲೆ, ಬದಿಯಲ್ಲಿದ್ದಾರೆ ಅಂತ ನೋಡಿದಳು. ಬಗ್ಗಿ ಒಂದು ಕಲ್ಲು ಕಿತ್ತಳು. ಇನ್ನೊಂದನ್ನು ಕಾಲಿಂದ ಒದ್ದಳು.

ಟ್ರೇಲರ್ ಮೊದಲು ನರಳಿತು. ಆಮೇಲೆ ಹೊರಟಿತು. ಒಳಗೆ ಪಾತ್ರೆ, ಸ್ಟೌ, ಮಂಚ ಎಲ್ಲ ಬಡಿದಾಡ್ತಾ, ಹುಲ್ಲು ಕಿತ್ತು ಹಾರಿಸ್ತಾ ಹೋಗಿ ಆ ಹೊಸ ಕಾರಿನ ಪಕ್ಕೆಗೆ ನುಗ್ಗಿತು. ಗಾಜು ಮಳೆಯ ಹಾಗೆ ಸಿಡಿಯಿತು. ಕಾರನ್ನು ರಸ್ತೆಯಾಚೆಗೆ ಉಜ್ಜಿಕೊಂಡು ಹೋಗಿ ಚರಂಡಿಯಲ್ಲಿ ಅದರ ಮೇಲೆ ಒರಗಿ ನಿಂತಿತು.

"ಅಯ್ಯೋ ನನ್ನ ಕಾರೂ!"

ಮಗುವಿನ ಕೈ ಬಿಟ್ಟ. ಬಿಟ್ಟು ಓಡಿದ, ಇಳಿಜಾರಿನಲ್ಲಿ ಬಿದ್ದು ಎದ್ದು, ಕಾರಿನ ಕಡೆಗೆ. ಮಗು ಮಂಡಿಯೂರಿ ಬಿತ್ತು, ಎದ್ದಿತು, ಅಮ್ಮನ ಕಡೆಗೆ ಓಡಿತು. ನನಗೆ ಉಸಿರು ಬಂತು.

ರೈಟರು ಹುಲ್ಲಿನಲ್ಲಿ ಕೂತು, ಜೋತಾಡುವ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನೋವಿಗೆ ಹಲ್ಲು ಕಡಿದು ನಗ್ತಿದ್ದರು. "ಏಯ್ ಹುಡುಗಿ, ಟ್ರೇಲರ್ ನಂದು ಕಣೇ! ಕೇಳಿದ್ಯಾ ನನ್ನ?" ಆಮೇಲೆ ಅಂದರು, "ಪೇಂಟ್ ಡಬ್ಬ ಇಲ್ಲೇ ಇದೆ. ನನ್ನ ಕೈ ಹೋಯ್ತು. ಹೋಗು, ನೀನೇ ಬರಿ."

ಮಗಳು ಮಗುವನ್ನು ಸೊಂಟಕ್ಕೆ ಏರಿಸಿ, ಡಬ್ಬ ಹಿಡಿದು ಇಳಿದಳು. ನಾನು ಪಕ್ಕೆ ಹಿಡಿದುಕೊಂಡು ಹಿಂದೆಯೇ ಹೋದೆ, ಏನಾದರೂ ಮಾಡಿಯಾನು ಅಂತ. ಅಳಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ, ಕಿವಿಯಿಂದ ಕಾಲರಿಗೆ ರಕ್ತ ಇಳೀತಿತ್ತು. ಅವನ ಮೂಗಿನ ಮುಂದೆಯೇ, ಒರಗಿದ ತಗಡಿನ ಮೇಲೆ, ಅವಳು ಬರೆಯೋಕೆ ಶುರು ಮಾಡಿದಳು. ದಪ್ಪ ದಪ್ಪ ಅಕ್ಷರ. ಅವಳು ಬರೆದ ಹಾಗೆಲ್ಲ ನಾನು ಒಂದೊಂದೇ ಕೂಡಿಸಿಕೊಂಡು, ಮೇಲಿದ್ದ ರೈಟರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ.

"ದೇವರಮನೆ. ಬಿಸಿಲಿತ್ತು, ಈಗ ಮಂಜು. ನನ್ನ ಗಂಡ ಬಂದರು. ರೈಟರ ಕೈ ಮುರಿದರು."

ಮೇಲಿನಿಂದ ಹಾಜರಿ ಕೂಗುವ ಗಂಟಲು ಕೇಳಿಸಿತು: "ಮೊದ್ಲು ಹೊಡೆದದ್ದು ನಾನು ಅಂತ ಬರೀ!"

ಅದನ್ನೂ ಬರೆದಳು. "ಅಪ್ಪ ಕಿವಿ ಕಚ್ಚಿದರು. ಕಲ್ಲು ತೆಗೆದದ್ದು ನಾನು." ಬ್ರಷ್ಷನ್ನು ಮತ್ತೆ ಅದ್ದಿದಳು. "ಅವರು ಮಗಳ ಕೈ ಬಿಟ್ಟು ಕಾರಿನ ಹಿಂದೆ ಓಡಿದರು."

ಆಮೇಲೆ ತಿರುಗಿ ಗಂಡನ ಕಡೆಗೆ ಬ್ರಷ್ಷು ಚಾಚಿದಳು. "ಸುಳ್ಳಿದ್ರೆ ತಿದ್ದಿ."

ಅವನು ಬ್ರಷ್ಷು ಕಿತ್ತುಕೊಂಡ. ಕನ್ನಡಕ ಇರಲಿಲ್ಲವಲ್ಲ, ಮುಖವನ್ನು ತಗಡಿಗೆ ತಾಗುವಷ್ಟು ಹತ್ತಿರ ಒಯ್ದು ಓದಿದ. ತುಟಿ ಅಲುಗಾಡ್ತಿತ್ತು. ಕೊನೆಯ ಸಾಲಿಗೆ ಬಂದಾಗ ನಿಂತಿತು. ಮಗುವನ್ನು ನೋಡಿದ. ಮಗು ಅಮ್ಮನ ಸೊಂಟದಿಂದ ಅವನನ್ನೇ ನೋಡ್ತಿತ್ತು, ಕಣ್ಣು ಮಿಟುಕಿಸದೆ. ಬಿಳಿ ಪೇಂಟು ಅವನ ಶೂ ಮೇಲೆ ತೊಟ್ಟಿಕ್ಕಿತು. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟ. ಮಂಜಿನೊಳಗೆ ಇಳಿಯುವ ರಸ್ತೆ ಹಿಡಿದು ನಡೆದೇ ಹೋದ.

ಒಂದಕ್ಷರ ತಿದ್ದಲಿಲ್ಲ.